ಹದಿನೈದು ದಿನ ಎಣ್ಣೆ ಮುಟ್ಟಲಿಲ್ಲ

ಆ ಮಳೆಗಾಲದಲ್ಲಿ ನನ್ನ ಕೈಯಲ್ಲಿ ಎರಡು ಕಡೆ ಮರಿಗಳಿದ್ದವು. ಮನೆಯಲ್ಲಿ ಒಂದು, ಕೆಲಸದ ಜಾಗದಲ್ಲಿ ಎಂಟುನೂರು. ಮನೆಯದು ನನ್ನ ಮಗಳ ಚೊಚ್ಚಲ ಕೂಸು, ಹೆಣ್ಣು ಕೂಸು, ನನ್ನ ಮೊದಲ ಮೊಮ್ಮಗಳು. ಕೆಲಸದ ಜಾಗದವು ಸೊಳ್ಳೆಯ ಮರಿಗಳು. ಇದನ್ನು ಬರೆಯಲು ಕುಳಿತಾಗ ಮೊಮ್ಮಗಳು ನನ್ನ ಪಕ್ಕದಲ್ಲಿ ಮಗುಚಿ ಬಿದ್ದು ಪೆನ್ನಿಗೆ ಕೈ ಹಾಕುತ್ತಿದ್ದಾಳೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಒತ್ತಕ್ಷರ ತಪ್ಪಿದಲ್ಲೆಲ್ಲ ಮಗಳು ತಿದ್ದಿಕೊಡುತ್ತಾಳೆ. ಕೂಸು ಎಳೆದ ಗೆರೆಗಳನ್ನು ಮಾತ್ರ ಹಾಗೇ ಬಿಡು ಎಂದಿದ್ದೇನೆ.

ಗೋವಾದ ಝುವಾರಿನಗರದ ನಮ್ಮ ಚಾಳಿನಿಂದ ಎರಡು ಬಸ್ಸು ಬದಲಿಸಿ, ಒಂದು ಗುಡ್ಡ ಏರಿದರೆ ನಾನು ಕೆಲಸ ಮಾಡುವ ಪ್ರಯೋಗಾಲಯ ಸಿಗುತ್ತದೆ. ಅಲ್ಲಿಯ ಸೊಳ್ಳೆ ಕೋಣೆ ನನ್ನದು. ಊರೆಲ್ಲ ಸೊಳ್ಳೆ ಓಡಿಸುತ್ತದೆ, ನಾನು ಸಾಕುತ್ತೇನೆ. ಇವು ರೋಗ ಇಲ್ಲದ ಸೊಳ್ಳೆಗಳು. ಡೆಂಗಿಯ ವೈರಸ್ ಇರುವ ಕೋಣೆ ಎರಡು ಬಾಗಿಲುಗಳಾಚೆ, ಬೀಗ ಹಾಕಿಕೊಂಡಿರುತ್ತದೆ. ನಾನು ಅದರೊಳಗೆ ಕಾಲಿಟ್ಟವಳಲ್ಲ.

ಕೆಲಸ ಹೀಗೆ. ಹೆಣ್ಣು ಸೊಳ್ಳೆ ಒದ್ದೆ ಕಾಗದದ ಮೇಲೆ ತತ್ತಿ ಇಡುತ್ತದೆ. ಕಾಗದ ಒಣಗಿದರೆ ಕಪ್ಪು ರವೆ ಉದುರಿಸಿದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟರೂ ಕೆಡುವುದಿಲ್ಲ. ಬೇಕಾದಾಗ ಒಂದು ತುಂಡು ನೀರಿಗೆ ಹಾಕಿದರೆ ಮಾರನೆಯ ದಿನ ಹುಳಗಳು ಕುಣಿಯುತ್ತಿರುತ್ತವೆ. ಅವುಗಳನ್ನು ಬಿಳಿಯ ಅಗಲ ಟ್ರೇಗಳಲ್ಲಿ, ಎರಡು ಬೆರಳು ಆಳದ ನೀರಿನಲ್ಲಿ, ಟ್ರೇಗೆ ಇನ್ನೂರರಂತೆ ಎಣಿಸಿ ಬಿಡಬೇಕು. ಮೀನಿಗೆ ಹಾಕುವ ಆಹಾರವನ್ನು ಕುಟ್ಟಿ ಪುಡಿ ಮಾಡಿ ಚಿಟಿಕೆ ಚಿಟಿಕೆ ಉದುರಿಸಬೇಕು. ಆರು ದಿನಕ್ಕೆ ಹುಳ ಬೆನ್ನು ಬಗ್ಗಿಸಿ ಗುಂಡಗಾಗುತ್ತದೆ. ಅದಕ್ಕೆ ಪ್ಯೂಪಾ ಅನ್ನುತ್ತಾರೆ. ಅದು ತಿನ್ನುವುದಿಲ್ಲ, ಬರೀ ಉಸಿರಾಡುತ್ತದೆ. ಅದನ್ನು ಪಿಪೆಟ್ಟಿನಿಂದ ಎತ್ತಿ ಕಪ್ಪಿನಲ್ಲಿ ಹಾಕಿ, ಕಪ್ಪನ್ನು ಪರದೆಯ ಪಂಜರದೊಳಗಿಟ್ಟರೆ ಎರಡು ದಿನಕ್ಕೆ ಸೊಳ್ಳೆ. ಆಮೇಲೆ ಸಕ್ಕರೆ ನೀರಿನ ಹತ್ತಿ.

ಈ ಸೊಳ್ಳೆಗಳು ಬೇಕಾಗಿದ್ದು ಒಬ್ಬ ಹುಡುಗಿಗೆ. ಕುಡಚಡೆಯವಳು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ನನ್ನನ್ನು ಕೊಂಕಣಿಯಲ್ಲಿ ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ನನ್ನ ಜೊತೆ ಐದು ವರ್ಷ ಇದ್ದು ಕನ್ನಡವನ್ನೂ ಕಲಿತಿದ್ದಳು, ನನ್ನ ಕನ್ನಡವನ್ನೇ. ಹೆಣ್ಣು ಸೊಳ್ಳೆಯನ್ನು ತಣ್ಣಗೆ ಮಾಡಿ, ಅದರ ಮೂತಿಯನ್ನು ಎಳೆಯಷ್ಟು ಸಣ್ಣ ಗಾಜಿನ ನಳಿಗೆಗೆ ತೂರಿಸಿ, ಅರ್ಧ ಗಂಟೆ ಕಾದು ಜೊಲ್ಲು ತೆಗೆಯುತ್ತಿದ್ದಳು. ಕಣ್ಣಿಗೆ ಕಾಣದಷ್ಟು ಜೊಲ್ಲು. ಒಂದು ಪ್ರಯೋಗಕ್ಕೆ ಒಂದೇ ವಯಸ್ಸಿನ ನೂರೈವತ್ತು ಹೆಣ್ಣು ಬೇಕು.

“ಇಷ್ಟು ಜೊಲ್ಲು ತಗೊಂಡು ಏನ್ ಮಾಡ್ತೀಯವ್ವಾ?” ಎಂದು ಒಂದು ದಿನ ಕೇಳಿದ್ದೆ.

ಆಕೆ ಟ್ರೇಗಳ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದ್ದಳು. ನಮ್ಮ ಮೈಯೆಲ್ಲ ಜೀವಕೋಶಗಳು. ಸೊಳ್ಳೆ ಕಚ್ಚಿದಾಗ ವೈರಸ್ ಒಂದು ಜೀವಕೋಶದೊಳಗೆ ಹೋಗುತ್ತದೆ. ಆ ಜೀವಕೋಶ ಸುಮ್ಮನೆ ಸಾಯುವುದಿಲ್ಲ, ಅಕ್ಕಪಕ್ಕದವಕ್ಕೆ ಕೂಗಿ ಹೇಳುತ್ತದೆ. ಕೂಗು ಕೇಳಿದ ಜೀವಕೋಶಗಳು ಒಳಗೆ ಹೊಸ ಪ್ರೋಟೀನುಗಳನ್ನು ತಯಾರು ಮಾಡಿಕೊಂಡು ಕಾಯುತ್ತವೆ.

“ಹಂಗಂದ್ರ ನಮ್ಮ ಚಾಳ ಇದ್ದಂಗ” ಎಂದೆ. ನೀರಿನ ಬ್ಯಾರಲ್ಲಿನಲ್ಲಿ ಸೊಳ್ಳೆಯ ಹುಳ ಇದೆಯೇ ಎಂದು ನೋಡುವ ಆರೋಗ್ಯ ಇಲಾಖೆಯವರು ನಮ್ಮ ಚಾಳಿಗೆ ಬಂದರೆ ಮೊದಲ ಮನೆಯವಳು “ಬಂದ್ರವ್ವೋ” ಎಂದು ಕೂಗುತ್ತಾಳೆ. ಆಕೆ ಸಿಕ್ಕಿಬೀಳುತ್ತಾಳೆ. ಉಳಿದವರು ಅಷ್ಟರಲ್ಲಿ ನೀರು ಚೆಲ್ಲಿ ಬ್ಯಾರಲ್ ಬೋರಲು ಹಾಕಿರುತ್ತಾರೆ.

ಹುಡುಗಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. “ಹೌದು ಮಾವ್ಶಿ, ಹಾಂಗೇ. ‘ನನ್ನಂಥವು ಮಾಡ್ರಿ’ ಅಂತ ವೈರಸ್ ತಂದ ಚೀಟಿ ಒಂದು ಪ್ರೋಟೀನ್ ಹರಿದು ಹಾಕ್ತದ. ನಾನು ನೋಡೋದು ಇನ್ನೊಂದು. ವೈರಸ್ ಒಳಗ ಬರುವಾಗ ಒಂದು ಸಣ್ಣ ಚೀಲದಾಗ ಬರ್ತದ. ಈ ಪ್ರೋಟೀನ್ ಆ ಚೀಲದ ಗೋಡೆ ಬಿರುಸು ಮಾಡ್ತದ. ವೈರಸ್‌ಗೆ ಚೀಲ ಬಿಟ್ಟು ಹೊರಗ ಬರಾಕ ಆಗೋದಿಲ್ಲ.”

ಹೋಳಿಗೆಯ ಕಣಕ ಬಿರುಸಾದರೆ ಹೂರಣ ಹೊರಗೆ ಬರುವುದಿಲ್ಲ. ನನಗೆ ತಿಳಿಯಿತು. ಜೊಲ್ಲಿನ ಕೆಲಸವೇನು ಅಂದರೆ, ಸೊಳ್ಳೆಯ ಜೊಲ್ಲು ಆ ಪ್ರೋಟೀನನ್ನು ಸೋಲಿಸುತ್ತದೆಯೋ, ಅಥವಾ ಮೊದಲ ಕೂಗನ್ನೇ ತಡ ಮಾಡುತ್ತದೆಯೋ ಎಂಬುದು ಆಕೆಯ ಪ್ರಶ್ನೆ. ನಾಲ್ಕು ವರ್ಷ ಆ ಪ್ರೋಟೀನಿನ ಹಿಂದೆ ಓಡಾಡಿದ್ದಳು. ಉಳಿದಿದ್ದು ಈ ಜೊಲ್ಲಿನ ಪ್ರಯೋಗವೊಂದೇ. ಮಳೆ ಮುಗಿಯುವ ಹೊತ್ತಿಗೆ ಆಕೆಯ ಅವಧಿಯೂ ಮುಗಿಯುವುದಿತ್ತು.

ಸೊಳ್ಳೆ ಕೋಣೆಗೆ ಕಟ್ಟುನಿಟ್ಟುಗಳಿವೆ. ತಲೆಗೆ ಎಣ್ಣೆ ಇಲ್ಲ, ಹೂವಿಲ್ಲ, ಪೌಡರಿಲ್ಲ, ನೋವಿನ ಮುಲಾಮಿಲ್ಲ, ಊದಿನಕಡ್ಡಿಯ ವಾಸನೆಯಿಲ್ಲ. ಆರು ವರ್ಷ ಆಯಿತು, ಶನಿವಾರ ಸಂಜೆ ಮಾತ್ರ ತಲೆಗೆ ಎಣ್ಣೆ ಒತ್ತಿಕೊಂಡು ರವಿವಾರ ಎರೆದುಕೊಳ್ಳುತ್ತೇನೆ. ಒಂದು ದಿನವೂ ತಪ್ಪಿಲ್ಲ. ಇದನ್ನು ನೆನಪಿಡಿ.

ಮಳೆ ಹಿಡಿದ ವಾರವೇ ಮೊಮ್ಮಗಳು ಹುಟ್ಟಿದಳು. ದವಾಖಾನೆಯ ನರ್ಸ್ ಬಟ್ಟೆ ಸುತ್ತಿ ಕೈಗೆ ಕೊಟ್ಟಾಗ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅಷ್ಟು ಸಣ್ಣ ಕಿವಿ! ಉಗುರು ನೋಡಿದರೆ ಅಕ್ಕಿಯ ನುಚ್ಚು! ನಾಲ್ಕು ದಿನ ರಜೆ ಹಾಕಿದೆ. ಐದನೆಯ ದಿನ ಪೇಡೆಯ ಡಬ್ಬಿ ಹಿಡಿದು ಕೆಲಸಕ್ಕೆ ಹೋದೆ. ಮೇಡಂ ಧಾರವಾಡದ ಕಡೆಯವರು.

“ಏನ್ರೀ ಅಜ್ಜಿಯವರ, ಯಾರ್ಹಂಗ ಐತ್ರಿ ಕೂಸು?” ಎಂದರು.

“ನನ್ನಂಗ ಐತ್ರಿ, ಹಲ್ಲ ಇಲ್ಲ” ಎಂದೆ.

ಅಂದಿನಿಂದ ನನ್ನ ದಿನ ಬೆಳಗಿನ ನಾಲ್ಕೂವರೆಗೆ ಶುರು. ನೀರು ಕಾಯಿಸಬೇಕು. ಔಡಲೆಣ್ಣೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸೇರಿಸಿ ಬೆಚ್ಚಗೆ ಮಾಡಬೇಕು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕಾಲಮೇಲೆ ಕೂಸನ್ನು ಮಲಗಿಸಿಕೊಂಡು, ನೆತ್ತಿಯಿಂದ ಹಿಮ್ಮಡಿಯ ತನಕ ತಿಕ್ಕಿ, ಎರೆದು, ಕೆಂಡದ ಶೇಕ ಕೊಟ್ಟು ಮಲಗಿಸಬೇಕು. ಆಮೇಲೆ ಬಾಣಂತಿಗೆ ಎಣ್ಣೆ, ನೀರು, ಬಿಸಿ ಊಟ. ಏಳರ ಬಸ್ಸು ಹಿಡಿಯುವ ಹೊತ್ತಿಗೆ ಸೊಂಟ ಮರದ ಹಲಗೆ. ಬಸ್ಸಿನಲ್ಲಿ ನಿಂತೇ ತೂಕಡಿಸುತ್ತಿದ್ದೆ. ಮೈ ದಣಿದರೂ ಮನಸ್ಸು ಕುಣಿಯುತ್ತಿತ್ತು. ಆ ತೂಕಡಿಕೆಯಲ್ಲೂ ಕೈಗೆ ಕೂಸಿನ ತೊಡೆಯ ಮೆತ್ತನೆ ಹತ್ತಿಕೊಂಡೇ ಇರುತ್ತಿತ್ತು.

ಆ ವಾರ ನಾಲ್ಕು ಟ್ರೇ ಹಾಕಿದೆ. ಎರಡು ದಿನ ಹುಳಗಳು ಚೆನ್ನಾಗಿದ್ದವು. ಮೂರನೆಯ ದಿನದಿಂದ ತಳ ಹಿಡಿಯತೊಡಗಿದವು. ಒಳ್ಳೆಯ ಹುಳ ಟ್ರೇಗೆ ನೆರಳು ಬಿದ್ದರೆ ಸರ್ರನೆ ಕೆಳಗಿಳಿದು, ಮತ್ತೆ ಮೇಲೆ ಬಂದು ಬಾಲದ ತುದಿಯ ನಳಿಗೆಯಿಂದ ಉಸಿರು ತೆಗೆದುಕೊಳ್ಳುತ್ತದೆ. ಇವು ಕೆಳಗಿಳಿದವು ಮೇಲೆ ಬರಲಿಲ್ಲ. ಎಂಟುನೂರರಲ್ಲಿ ಪ್ಯೂಪಾ ಆದವು ನೂರು ಕೂಡ ಇಲ್ಲ.

ಹುಡುಗಿ ಟ್ರೇ ನೋಡಿ “ಆಹಾರ ಜಾಸ್ತಿ ಆಗಿರಬೇಕು” ಎಂದಳು. ಇರಬಹುದು. ಪುಡಿ ಜಾಸ್ತಿಯಾದರೆ ಕೆನೆ ಕಟ್ಟುತ್ತದೆ. ತಪ್ಪು ನನ್ನದೇ ಇದ್ದೀತು ಎಂದುಕೊಂಡೆ. ನಿದ್ದೆಗಣ್ಣಿನಲ್ಲಿ ಎರಡು ಸಲ ಹಾಕಿದೆನೋ ಏನೋ.

ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಬೀಗತಿ, ಅಂದರೆ ಅಳಿಯನ ತಾಯಿ, ವಿಜಯಪುರದ ಕಡೆಯಿಂದ ಬಂದಿದ್ದರು. ಕುಂಚಿಗೆ, ಬೆಳ್ಳಿಯ ಕಡಗ, ಎಲ್ಲ ತಂದಿದ್ದರು. ಜೊತೆಗೆ ಬಾಯಿಯನ್ನೂ ತಂದಿದ್ದರು. ಮಾರನೆಯ ಬೆಳಿಗ್ಗೆ ನಾನು ಕೂಸಿಗೆ ಎರೆಯುವಾಗ ಬಾಗಿಲಲ್ಲಿ ಬಂದು ನಿಂತರು.

“ಇದೇನ್ರೀ ಬೀಗತೇರ, ಎಣ್ಣಿ ಹಚ್ಚಾಕತ್ತೀರೋ, ತೋರ್ಸಾಕತ್ತೀರೋ?”

“ಯಾಕ್ರೀ, ಕಡಿಮಿ ಆತೇನು?”

“ನಮ್ಮ ಕಡೆ ಕೂಸಿನ ಮೈ ಎಣ್ಣಿ ಕುಡೀಬೇಕ್ರಿ. ನಿಮ್ಮ ಗೋವಾದಾಗ ಹೆಂಗೋ ಏನೋ.”

“ತವರಮನಿ ಬಾಣಂತನ ಐತ್ರಿ ಇದು. ನನ್ನ ಕೈಯಾಗೇ ಆಗತೈತಿ, ಚಲೋನ ಆಗತೈತಿ. ನೀವು ಚಾ ಕುಡೀರಿ ಹೋಗ್ರಿ” ಎಂದೆ.

ಚಹಾ ಕುಡಿದು, ಮೂರು ದಿನ ಇದ್ದು ಹೋದರು. ಆದರೆ ಆ ಮಾತು ನನಗೆ ನಾಟಿತ್ತು. ಮಾರನೆಯ ದಿನದಿಂದಲೇ ಎಣ್ಣೆ ಎರಡರಷ್ಟು ಮಾಡಿದೆ. ಅಂಗೈಯಲ್ಲಿ ಸುರಿದುಕೊಂಡು ಮೊಣಕೈ ತನಕ ಇಳಿಯುವಷ್ಟು. ಕೂಸು ಹೊಳೆಯುತ್ತಿತ್ತು, ಕಂಚಿನ ಗಿಂಡಿಯ ಹಾಗೆ!

ಅದೇ ವಾರ ಎರಡನೆಯ ಸಲ ತತ್ತಿ ನೀರಿಗೆ ಹಾಕಿದೆವು. ಈ ಸಲ ಆಹಾರ ಅಳೆದು, ಚೀಟಿಯಲ್ಲಿ ಬರೆದು ಹಾಕಿದೆ. ಮಳೆಗಾಲದ ನಲ್ಲಿ ನೀರಿನ ಮೇಲೆ ಅನುಮಾನ ಬಂದು ಸೋಸಿದ ನೀರನ್ನು ಒಂದು ದಿನ ತೆರೆದಿಟ್ಟು ಬಳಸಿದೆವು. ಟ್ರೇ ಇಡುವ ಕಪಾಟು ಬದಲಾಯಿಸಿದೆವು. ಈ ಸಲ ಮೊದಲಿಗಿಂತ ಕೆಟ್ಟಿತು. ಐದನೆಯ ದಿನಕ್ಕೆ ಟ್ರೇಯ ತಳದಲ್ಲಿ ಬೂದು ಬಣ್ಣದ ಹಾಸು. ಸತ್ತ ಹುಳಗಳನ್ನು ಜರಡಿಗೆ ಸುರಿದು ತೊಳೆಯುವಾಗ ನನಗೆ ಅಳು ಬಂತು. ಯಾರಿಗಾದರೂ ಹೇಳಿದರೆ ನಕ್ಕಾರು, ಸೊಳ್ಳೆ ಸತ್ತದ್ದಕ್ಕೆ ಅತ್ತಳು ಎಂದು.

ಡಬ್ಬಿಯಲ್ಲಿ ಉಳಿದಿದ್ದು ತತ್ತಿಯ ಒಂದೇ ಹಾಳೆ. ಪಂಜರದಲ್ಲಿದ್ದ ಹಳೆಯ ಸೊಳ್ಳೆಗಳು ಮುದಿಯಾಗಿ ತತ್ತಿ ಇಡುವುದು ಬಿಟ್ಟಿದ್ದವು. ಬೇರೆ ಊರಿನಿಂದ ತತ್ತಿ ತರಿಸಬಹುದು. ಆದರೆ ಸೊಳ್ಳೆಯ ತಳಿ ಬದಲಾದರೆ ಹುಡುಗಿ ಜೊಲ್ಲಿನ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಬೇಕು. ಅಷ್ಟು ದಿನ ಆಕೆಗೆ ಇರಲಿಲ್ಲ.

ಸೋಮವಾರ ಒಂದು ವಿಚಿತ್ರ ನೋಡಿದೆ. ಸೊಳ್ಳೆ ಕೋಣೆಯ ಮೂಲೆಯಲ್ಲಿ, ಹುಡುಗಿಯ ಮೇಜಿನ ಮೇಲೆ ಒಂದು ಬಟ್ಟಲಿತ್ತು. ಎಂಟು ದಿನದ ಹಿಂದೆ, ರವಿವಾರ ನನಗೆ ರಜೆ ಇದ್ದಾಗ ಆಕೆ ಟ್ರೇಗೆ ಹಾಕಿದ ಹಾಳೆಯದೇ ಚೂರನ್ನು ನೀರಿಗೆ ಹಾಕಿ, ತಾನೇ ಆಹಾರ ಹಾಕುತ್ತ ಬಂದಿದ್ದಳು. ನಲವತ್ತು ಹುಳ. ನಲವತ್ತೂ ಪ್ಯೂಪಾ ಆಗಿ ನೆಗೆದಾಡುತ್ತಿದ್ದವು.

“ಬಟ್ಟಲು ಸಣ್ಣದು, ಗದ್ದಲ ಕಡಿಮೆ, ಅದಕ್ಕೆ ಉಳಿದಾವು” ಎಂದಳು ಹುಡುಗಿ.

ಅದೇ ನೀರು, ಅದೇ ಪುಡಿ, ಅದೇ ಹಾಳೆ, ಅದೇ ಕೋಣೆ. ಬೇರೆ ಇದ್ದದ್ದು ಒಂದೇ, ಕೈ.

ಸತ್ತ ಟ್ರೇಗಳಲ್ಲಿ ಒಂದನ್ನು ಇನ್ನೂ ತೊಳೆದಿರಲಿಲ್ಲ. ಎತ್ತಿ ಕಿಟಕಿಯ ಹತ್ತಿರ ಒಯ್ದು ಓರೆ ಹಿಡಿದೆ. ಮಳೆ ಒಂದು ಗಳಿಗೆ ನಿಂತು ಬೆಳಕು ಬಿದ್ದಿತ್ತು. ನೀರಿನ ಮೇಲೆ ಬಣ್ಣ ಬಣ್ಣದ ಹೊಳಪು ಹರಿದಾಡಿತು, ಬಸ್ ನಿಲ್ದಾಣದ ಹೊಂಡದಲ್ಲಿ ಪೆಟ್ರೋಲ್ ಹನಿ ಬಿದ್ದಾಗ ಕಾಣುತ್ತದಲ್ಲ, ಹಾಗೆ. ಟ್ರೇ ಅಲ್ಲೇ ಇಟ್ಟು ನನ್ನ ಕೈ ನೋಡಿಕೊಂಡೆ.

ನನ್ನದೊಂದು ಚಟವಿದೆ. ಟ್ರೇಯ ನೀರಿನ ಹದವನ್ನು ಬೆರಳದ್ದಿ ನೋಡುತ್ತೇನೆ. ಥರ್ಮಾಮೀಟರ್ ಪಕ್ಕದಲ್ಲೇ ಇರುತ್ತದೆ, ಆದರೂ ನನಗೆ ಬೆರಳೇ ಬೇಕು. ಕೂಸಿಗೆ ಎರೆಯುವ ನೀರನ್ನೂ ಹಾಗೇ ನೋಡುತ್ತೇನೆ. ದಿನಕ್ಕೆ ಎರಡು ಸಲ, ನಾಲ್ಕೂ ಟ್ರೇಗೆ, ನಾಲ್ಕು ಬೆರಳು. ಕೈಯನ್ನು ಸೋಪು ಹಚ್ಚಿ ತೊಳೆದೇ ಒಳಗೆ ಹೋಗುತ್ತಿದ್ದೆ. ಅಡುಗೆಯ ಎಣ್ಣೆ ಸೋಪಿಗೆ ಹೋಗುತ್ತದೆ. ಔಡಲೆಣ್ಣೆ ಹಾಗಲ್ಲ. ಬೆಚ್ಚಗೆ ಮಾಡಿ ಅರ್ಧ ಗಂಟೆ ತಿಕ್ಕಿದ ಎಣ್ಣೆ ಉಗುರಿನ ಬುಡದಲ್ಲಿ, ಕೈಯ ಸೀಳುಗಳಲ್ಲಿ ಕುಳಿತುಬಿಡುತ್ತದೆ. ನಮ್ಮ ಚಾಳಿನ ಗಟಾರಕ್ಕೆ ಹುಳ ಸಾಯಲೆಂದು ಎಣ್ಣೆ ಹಾಕಿ ಹೋಗುವುದನ್ನು ಎಷ್ಟು ವರ್ಷ ನೋಡಿದ್ದೇನೆ! ನೀರಿನ ಮೇಲೆ ಎಣ್ಣೆಯ ಪರೆ ಹರಡಿದರೆ ಹುಳದ ಉಸಿರಿನ ನಳಿಗೆ ಮುಚ್ಚುತ್ತದೆ. ಆರು ವರ್ಷ ಕೆಲಸದ ದಿನ ನನ್ನ ತಲೆಗೆ ಎಣ್ಣೆ ಹಚ್ಚಲಿಲ್ಲ. ಕೂಸಿಗೆ ಹಚ್ಚಿದ್ದು ಎಣ್ಣೆ ಎಂದು ಮನಸ್ಸಿಗೆ ಬರಲೇ ಇಲ್ಲ. ಅದು ಕೂಸಿನ ಎಣ್ಣೆ, ನನ್ನದಲ್ಲ.

ಅಂದು ಯಾರಿಗೂ ಹೇಳಲಿಲ್ಲ. ಇದನ್ನು ಮುಚ್ಚಿಡದೆ ಬರೆಯಬೇಕು. ನಾನು ಗುತ್ತಿಗೆಯ ಆಳು. ಒಂದು ಮಾತು ಹೋದರೆ ನಾಳೆ ನನ್ನ ಜಾಗದಲ್ಲಿ ಇನ್ನೊಬ್ಬಳು. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಸೊಳ್ಳೆ ಸಾಕುವುದರಲ್ಲಿ ನನ್ನಂಥವಳಿಲ್ಲ ಎಂದು ಬೀಗುತ್ತಿದ್ದವಳು ನಾನೇ.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಕೂಸಿಗೆ ಎಣ್ಣೆ ತಿಕ್ಕಿ, ಎರೆದು, ಕೈ ತೊಳೆದು ಕೆಲಸಕ್ಕೆ ಹೋದೆ. ಹುಡುಗಿಯ ಬಟ್ಟಲಿನ ಪಕ್ಕದ ಲೋಟದಲ್ಲಿ ಅದೇ ಚೂರಿನಿಂದ ತಡವಾಗಿ ಒಡೆದ ಸಣ್ಣ ಹುಳಗಳಿದ್ದವು. ಅವುಗಳಲ್ಲಿ ನಲವತ್ತನ್ನು ಎತ್ತಿ ಎರಡು ಚಹಾ ಕಪ್ಪುಗಳಿಗೆ ಇಪ್ಪತ್ತಿಪ್ಪತ್ತು ಹಾಕಿದೆ. ಒಂದರಲ್ಲಿ ನಾಲ್ಕು ಬೆರಳು ಅದ್ದಿ ತೆಗೆದೆ. ಇನ್ನೊಂದನ್ನು ಮುಟ್ಟಲಿಲ್ಲ. ಎರಡನ್ನೂ ಸಿಂಕಿನ ಹಿಂದೆ ಬಟ್ಟೆ ಮುಚ್ಚಿ ಇಟ್ಟೆ. ಮಧ್ಯಾಹ್ನ ಊಟದ ನಂತರ ಬಟ್ಟೆ ತೆಗೆದೆ. ಮುಟ್ಟದ ಕಪ್ಪಿನಲ್ಲಿ ಇಪ್ಪತ್ತೂ ಕುಣಿಯುತ್ತಿದ್ದವು. ಮುಟ್ಟಿದ ಕಪ್ಪಿನಲ್ಲಿ ಮೂರು ಮಾತ್ರ ಹೊಯ್ದಾಡುತ್ತಿದ್ದವು. ಹದಿನೇಳು ತಳದಲ್ಲಿದ್ದವು.

ಕಪ್ಪನ್ನು ಸಿಂಕಿಗೆ ಚೆಲ್ಲಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಳೆಯಿಂದ ಬೆರಳು ಅದ್ದದೆ ಇದ್ದರಾಯಿತು, ಹೇಳುವುದೇಕೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಬಂದು ಪಂಜರಗಳ ಪಕ್ಕ ನೆಲದ ಮೇಲೆ ಕುಸಿದಳು. ಮುಖ ಕಂದಿತ್ತು.

“ಮಾವ್ಶಿ, ಮೇಡಂಗೆ ಹೇಳಿಬಿಡ್ತೇನಿ, ಜೊಲ್ಲಿನ ಭಾಗ ಬಿಡ್ತೇನಿ ಅಂತ. ಒಂದೇ ಹಾಳಿ ಉಳಿದದ. ಅದನ್ನೂ ಕೊಲ್ಲಾಕ ನನಗ ಮನಸಿಲ್ಲ. ನನ್ನ ಕೈಗುಣಾನೇ ಸರಿ ಇಲ್ಲ.”

ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

“ನಿನ್ನ ಕೈಗೆ ಏನೂ ಆಗಿಲ್ಲ ನನ್ನವ್ವಾ. ನನ್ನ ಕೈ ಅದು. ಏಳು, ಮೇಡಂ ಹತ್ರ ಹೋಗೂಣು.”

ಎರಡು ಕಪ್ಪುಗಳನ್ನೂ ಎರಡು ಕೈಯಲ್ಲಿ ಹಿಡಿದು ಮೇಡಂ ಮೇಜಿನ ಮೇಲಿಟ್ಟೆ. ಕೂಸು, ಔಡಲೆಣ್ಣೆ, ಬೆರಳು, ಬಣ್ಣದ ಹೊಳಪು, ಎಲ್ಲ ಹೇಳಿದೆ. ಮೇಡಂ ಕಪ್ಪುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಕೈ ಹಿಡಿದು ಮೂಗಿಗೆ ತಂದುಕೊಂಡು ಮೂಸಿದರು.

“ಯಾವಾಗ ಗೊತ್ತಾತ್ರಿ ಇದು?”

“ಅನುಮಾನ ನಿನ್ನಿ ಬಂತ್ರಿ. ಖಾತ್ರಿ ಇವತ್ತ ಆತು. ನಿನ್ನೀನ ಹೇಳಬೇಕಿತ್ತು. ಹೇಳಲಿಲ್ಲ.”

“ಎರಡು ಬ್ಯಾಚು ಹೋದುವಲ್ರೀ” ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಮತ್ತೆ ತಾವೇ, “ಎಣ್ಣಿ ಹಚ್ಚಬ್ಯಾಡ್ರಿ ಅಂತ ಬೋರ್ಡ್ ಹಾಕೇನಿ. ಕೂಸಿಗಿ ಹಚ್ಚಬ್ಯಾಡ್ರಿ ಅಂತ ಹಾಕಲಿಲ್ಲ, ಅದು ನನ್ನ ತಪ್ಪು” ಎಂದರು.

ಅಲ್ಲೇ ಮತ್ತೊಮ್ಮೆ ಪರೀಕ್ಷೆ ಮಾಡಿದೆವು. ಹುಡುಗಿಯ ಬೆರಳು ಒಂದು ಕಪ್ಪಿಗೆ, ನನ್ನದು ಒಂದಕ್ಕೆ, ಕೈಗವಸು ತೊಟ್ಟ ನನ್ನ ಬೆರಳು ಇನ್ನೊಂದಕ್ಕೆ. ಸಂಜೆಗೆ ಹುಡುಗಿಯ ಕಪ್ಪು ಚೆನ್ನಾಗಿತ್ತು, ನನ್ನದರಲ್ಲಿ ಹುಳಗಳು ತಳ ಹಿಡಿದಿದ್ದವು. ಕೈಗವಸಿನ ಕಪ್ಪಿನಲ್ಲಿ ಸಾವು ಕಡಿಮೆ, ಆದರೆ ಗವಸಿನ ಬಿಳಿ ಪುಡಿ ತೇಲಿತು. ಕೈಗವಸೊಂದೇ ಸಾಲದು, ಎಣ್ಣೆ ಮೊಣಕೈಗೂ ಇತ್ತು, ಸೆರಗಿಗೂ ಇತ್ತು.

“ಕಡೀ ಹಾಳಿ ಐತಿ” ಎಂದರು ಮೇಡಂ. “ಹದಿನೈದು ದಿನದ ಕೆಲಸ. ಈಕಿ ದಿನಾ ವೈರಸ್ ಕೋಣಿಗೆ ಹೋಗಬೇಕು, ಅಲ್ಲಿ ಹೋದಾಕಿ ಅದೇ ದಿನ ಸೊಳ್ಳಿ ಕೋಣಿಗೆ ಬರೂ ಹಂಗಿಲ್ಲ. ಟ್ರೇ ನೀವೇ ನೋಡಬೇಕು. ಆದ್ರ ಹದಿನೈದು ದಿನ ಆ ಎಣ್ಣಿ ಮುಟ್ಟಬಾರದು. ಎಣ್ಣಿ ಹಚ್ಚಿದ ಕೂಸನ್ನೂ ಮುಟ್ಟಬಾರದು. ಆಗತೈತೇನ್ರಿ? ಆಗಂಗಿಲ್ಲ ಅಂದ್ರೂ ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ.”

ಹುಡುಗಿ ನೆಲ ನೋಡುತ್ತಿದ್ದಳು. ಆಗುತ್ತದೆ ಎಂದೆ.

ಹೇಳುವುದು ಸುಲಭ. ಗುಡ್ಡ ಇಳಿಯುವಾಗ ಮಳೆ ಶುರುವಾಯಿತು. ನನ್ನ ಮಗಳಿಗೆ ತವರಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಒಂದು ತಿಂಗಳ ಕೂಸನ್ನು ಕಾಲಮೇಲೆ ಹಾಕಿಕೊಂಡು ಎರೆಯುವುದು ಆಕೆಗೆ ಬಾರದು. ಉಳಿದಿದ್ದು ಒಂದೇ ದಾರಿ. ಮೊದಲ ಬಾಣಂತನ ತವರಿನ ಹಕ್ಕು. ಅದನ್ನು ಗಂಡನ ಮನೆಯವರ ಕೈಗೆ ಒಪ್ಪಿಸಿದೆ ಎಂದರೆ ಸೋತೆ ಎಂದೇ ಅರ್ಥ. ಬಸ್ ನಿಲ್ದಾಣದ ತಗಡಿನ ಕೆಳಗೆ ನಿಂತು ಬೀಗತಿಗೆ ಫೋನ್ ಹಚ್ಚಿದೆ.

“ಬೀಗತೇರ, ನಾ ಮಾತಾಡಾಕತ್ತೇನ್ರಿ.”

“ಏನ್ರೀ? ಕೂಸು ಆರಾಮ ಐತೋ ಇಲ್ಲೋ?” ಅವರ ಎದೆ ಹೊಡೆದುಕೊಂಡದ್ದು ಇಲ್ಲಿಗೆ ಕೇಳಿಸಿತು.

“ಆರಾಮ ಐತ್ರಿ. ನೀವು ಬಂದು ಹದಿನೈದು ದಿನ ಕೂಸಿಗಿ ಎರೀಬೇಕ್ರಿ. ನನ್ನ ಕೈಲೆ ಆಗವಲ್ದು.”

ಬೀಗತಿ ನಿಧಾನಕ್ಕೆ, “ತವರಮನಿ ಕೈ ಸೋತುವೇನ್ರಿ?”

“ಸೋತಾವ್ರಿ” ಎಂದೆ. ಕಾರಣ ಹೇಳಿದೆ.

“ಅಲ್ರೀ, ಸೊಳ್ಳಿ ಸಲುವಾಗಿ? ಗುಂಗಾಡದ ಸಲುವಾಗಿ ಮೊಮ್ಮಗಳನ್ನ ಬಿಟ್ಟೀರೇನು?”

“ಗುಂಗಾಡದ ಸಲುವಾಗಿ ಅಲ್ರಿ. ಒಬ್ಬಾಕಿ ಹುಡುಗಿ ಅದಾಳ. ಆಕಿ ಐದು ವರ್ಷದ ದುಡಿತ ನನ್ನ ಬೆರಳಿನಾಗ ಹೋಗಾಕತ್ತೈತಿ.”

ಬೀಗತಿ ಮಾರನೆಯ ದಿನ ಸಂಜೆ ಬಸ್ಸಿನಿಂದ ಇಳಿದರು. ಬಗಲಲ್ಲಿ ಒಂದು ಡಬ್ಬಿ ಔಡಲೆಣ್ಣೆ, ತಮ್ಮ ಊರಿನ ಗಾಣದ್ದು.

ಕೆಲಸ ಶುರುವಾಯಿತು. ಎಲ್ಲ ಟ್ರೇಗಳನ್ನು ಬಿಸಿ ನೀರು, ಸೋಡಾ ಹಾಕಿ ಮೂರು ಸಲ ಉಜ್ಜಿದೆ. ಬಿಸಿಲಿರಲಿಲ್ಲ, ಫ್ಯಾನಿನ ಕೆಳಗೆ ಒಣಗಿಸಿದೆ. ನನ್ನ ಕೈಯನ್ನೂ ಅದೇ ಸೋಡಾದಲ್ಲಿ ಉಜ್ಜಿದೆ, ಚರ್ಮ ಬಿಳಿಚುವ ತನಕ. ನೀರಿನ ಹದಕ್ಕೆ ಥರ್ಮಾಮೀಟರ್, ಪುಡಿಗೆ ಚಮಚ. ಕೊನೆಯ ಹಾಳೆಯನ್ನು ಚಿಮಟದಿಂದ ಹಿಡಿದು ನೀರಿಗೆ ಬಿಟ್ಟಾಗ ಹುಡುಗಿ ವೈರಸ್ ಕೋಣೆಗೆ ಹೋಗುವ ಮೊದಲು ಬಂದು ಪಕ್ಕದಲ್ಲಿ ನಿಂತಿದ್ದಳು. ಮಾರನೆಯ ದಿನ ಹುಳ ಎಣಿಸಿದೆ. ಟ್ರೇಗೆ ನೂರ ಎಂಬತ್ತರಂತೆ ನಾಲ್ಕು ಟ್ರೇ ಆದವು. ಮೂರನೆಯ ದಿನ ಎಲ್ಲವೂ ಮೇಲೆ ಬಂದು ಉಸಿರಾಡುತ್ತಿದ್ದವು.

ಐದನೆಯ ದಿನ ಗಾಳಿ ಮಳೆಗೆ ಕರೆಂಟು ಹೋಯಿತು. ಜನರೇಟರು ವೈರಸ್ ಕೋಣೆಯ ಫ್ರಿಜ್ಜುಗಳಿಗೆ ಮಾತ್ರ. ಸೊಳ್ಳೆ ಕೋಣೆ ತಣ್ಣಗಾಗತೊಡಗಿತು. ಕ್ಯಾಂಟೀನಿನಿಂದ ಬಿಸಿ ನೀರು ತಂದು ಬಾಟಲಿಗಳಿಗೆ ತುಂಬಿ, ಟ್ರೇಗಳ ನಡುವೆ ನಿಲ್ಲಿಸಿ, ಮೇಲೆ ಒಗೆದ ಚಾದರ ಹೊದಿಸಿದೆ. ಕರೆಂಟು ಬರುವ ತನಕ ನಾಲ್ಕು ಸಲ ನೀರು ಬದಲಿಸಿದೆ. ನಾಲ್ಕು ಸಲ ಎಂದರೆ ಎಂಟು ಸಲ ಮೆಟ್ಟಿಲು. ಮನೆಗೆ ಬಂದು ಊಟ ಬಡಿಸಿಕೊಂಡವಳು ತುತ್ತು ಕೈಯಲ್ಲಿ ಹಿಡಿದೇ ನಿದ್ದೆ ಹೋದೆನಂತೆ.

ಮನೆಯ ಕಷ್ಟ ಬೇರೆ. ಬೆಳಿಗ್ಗೆ ಬೀಗತಿ ಬಚ್ಚಲಲ್ಲಿ ಕಾಲು ಚಾಚಿ ಕೂರುತ್ತಿದ್ದರು. ನಾನು ಬಾಗಿಲಲ್ಲಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಮೊದಲ ಸಲ ಬಂದಾಗ ಅವರು ನಿಂತ ಜಾಗದಲ್ಲೇ. ಅವರ ಕೈ ಚೆನ್ನಾಗಿತ್ತು. ಹೇಳಬಾರದು, ಆದರೆ ನನಗಿಂತ ಚೆನ್ನಾಗಿತ್ತು. ಬೆನ್ನಿಗೆ ಅಂಗೈ ತಿರುಗಿಸುವ ರೀತಿಯೇ ಬೇರೆ.

“ನೋಡ್ರಿ, ನೋಡ್ರಿ, ಕಲೀರಿ” ಎನ್ನುತ್ತಿದ್ದರು.

“ನೋಡಾಕತ್ತೇನ್ರಿ. ಮೂಗಿನಾಗ ನೀರ ಹೋದೀತು, ಸಾವಕಾಶ.”

“ನಾಲ್ಕು ಮಂದೀನ ಎರದು ದೊಡ್ಡವರ ಮಾಡೇನ್ರಿ ನಾನು. ನಿಮ್ಮ ಅಳಿಯನ ಮೂಗು ಚಲೋ ಐತಿಲ್ಲೋ?”

ಎಂಟನೆಯ ದಿನ ಬೆಳಿಗ್ಗೆ ಕೂಸು ನಕ್ಕಿತು. ನಿದ್ದೆಯ ನಗುವಲ್ಲ, ಮುಖ ನೋಡಿ ನಕ್ಕ ಮೊದಲ ನಗು. ನೋಡಿದ್ದು ಬೀಗತಿಯ ಮುಖವನ್ನು. ನಾನು ಬಾಗಿಲಲ್ಲಿದ್ದೆ, ನನಗೆ ಕಂಡದ್ದು ಓರೆಯಾಗಿ ಒಂದು ಕೆನ್ನೆ ಅಷ್ಟೇ. ಎದೆ ಒಡೆಯುವಷ್ಟು ಸಂತೋಷವಾಯಿತು, ಆದರೆ ಅಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ.

ಅಂದು ಪ್ಯೂಪಾಗಳನ್ನು ಎತ್ತುವ ದಿನ. ಆರುನೂರ ಚಿಲ್ಲರೆ ಸಿಕ್ಕವು. ಬಗ್ಗಿ ಬಗ್ಗಿ ಎತ್ತಿದ್ದಕ್ಕೆ ಕುತ್ತಿಗೆ ತಿರುಗದಾಯಿತು. ಎರಡು ದಿನಕ್ಕೆ ಪಂಜರ ತುಂಬ ಸೊಳ್ಳೆ. ಕಾಲಿಗೆ ಬಿಳಿಯ ಬಳೆ ತೊಟ್ಟ ಹೊಸ ಸೊಳ್ಳೆಗಳು ಪರದೆಗೆ ಅಂಟಿ ಕುಳಿತಿದ್ದನ್ನು ನೋಡಿ ನಾನು ದೃಷ್ಟಿ ತೆಗೆಯುವುದೊಂದು ಬಾಕಿ. ಹನ್ನೆರಡನೆಯ ದಿನ ಹುಡುಗಿ ಜೊಲ್ಲು ತೆಗೆದಳು. ನಾನು ಒಂದೊಂದೇ ಹೆಣ್ಣನ್ನು ಹೆಕ್ಕಿ ಕೊಡುತ್ತ ಹೋದೆ. ನೂರ ಐವತ್ತು ಮುಗಿದರೂ ಪಂಜರದಲ್ಲಿ ತತ್ತಿ ಇಡಲು ಬೇಕಾದಷ್ಟು ಉಳಿದಿದ್ದವು. ಹುಡುಗಿ ಆ ಜೊಲ್ಲನ್ನು ಹಿಡಿದು ಬೀಗದ ಕೋಣೆಗೆ ಹೋದಳು.

ಮತ್ತೆ ಮೂರು ದಿನ. ಹದಿನೈದನೆಯ ದಿನ ಮಧ್ಯಾಹ್ನ ನಾನು ಟ್ರೇ ತೊಳೆಯುತ್ತಿದ್ದಾಗ ಹುಡುಗಿ ಓಡಿ ಬಂದಳು. ಸೊಳ್ಳೆ ಕೋಣೆಯ ಹೊಸ್ತಿಲ ಆಚೆಯೇ ನಿಂತು ಕೂಗಿದಳು. “ಮಾವ್ಶಿ, ಯೋ, ಯೋ! ಬಾ ಬೇಗ!”

ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕು ಚೌಕಗಳಿದ್ದವು. ವೈರಸ್ ಹೊಕ್ಕ ಜೀವಕೋಶ ಹಸಿರಾಗಿ ಹೊಳೆಯುವಂತೆ ಬಣ್ಣ ಹಾಕಿ ತೆಗೆದ ಚಿತ್ರಗಳು. ಮೊದಲನೆಯದು ವೈರಸ್ ಒಂದನ್ನೇ ಬಿಟ್ಟದ್ದು, ಅಲ್ಲಲ್ಲಿ ಹಸಿರು. ಎರಡನೆಯದರಲ್ಲಿ ವೈರಸ್ಸಿನ ಜೊತೆ ನಮ್ಮ ಸೊಳ್ಳೆಯ ಜೊಲ್ಲು. ಅಬ್ಬಾ, ಬೆಳೆದ ಗದ್ದೆ! ಮೂರನೆಯದರಲ್ಲಿ ಜೀವಕೋಶಗಳಿಗೆ ಮೊದಲೇ ಕೂಗು ಕೇಳಿಸಿ, ಪ್ರೋಟೀನ್ ತಯಾರಾದ ಮೇಲೆ ವೈರಸ್ ಬಿಟ್ಟದ್ದು, ಹೆಚ್ಚು ಕಡಿಮೆ ಕತ್ತಲೆ. ನಾಲ್ಕನೆಯದರಲ್ಲಿ ಅಂಥದೇ ಜೀವಕೋಶಗಳಿಗೆ ವೈರಸ್ಸನ್ನೂ ಜೊಲ್ಲನ್ನೂ ಕೂಡಿಸಿ ಬಿಟ್ಟದ್ದು. ಅದೂ ಕತ್ತಲೆ.

“ಏನಂದಂಗ ಆತು?”

“ಜೊಲ್ಲು ಪ್ರೋಟೀನಿಗೆ ಏನೂ ಮಾಡಾಕ ಆಗೋದಿಲ್ಲ ಮಾವ್ಶಿ. ಕೂಗು ತಡ ಮಾಡ್ತದ ಅಷ್ಟೇ. ಪ್ರೋಟೀನ್ ಮೊದಲೇ ಎದ್ದು ಕೂತಿದ್ರ ಜೊಲ್ಲು ಸೋಲ್ತದ.” ಆಮೇಲೆ ಮೂಗು ಒರೆಸಿಕೊಂಡು, “ಇನ್ನೂ ಎರಡು ಸಲ ಮಾಡಿ ನೋಡಬೇಕು, ಆಮೇಲೆ ಖರೇ ಅನ್ನಬೇಕು. ಆದ್ರ ಈಗ ಸೊಳ್ಳಿ ಅದಾವಲ್ಲ!” ಎಂದಳು.

ತಡವಾದ ಕೂಗು ಎಂದಾಗ ನನಗೆ ಸಿಂಕಿನ ಹಿಂದೆ ಬಟ್ಟೆ ಮುಚ್ಚಿಟ್ಟ ಕಪ್ಪುಗಳು ನೆನಪಾದವು. ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು, “ಅಜ್ಜಿಯವರ, ನಾಳೆ ರಜಾ. ಇವತ್ತ ಹೋಗಿ ಮೊಮ್ಮಗಳನ್ನ ಎತ್ತಿಕೊಳ್ರಿ. ಮುಂದಿನ ಬ್ಯಾಚಿಗೆ ಪುಡಿ ಇಲ್ಲದ ಉದ್ದ ಕೈಗವಸು ತರಿಸೇನಿ” ಎಂದರು. ನನ್ನ ಕಣ್ಣು ಪರದೆಯ ಮೇಲೆಯೇ ಇತ್ತು. ಆರು ವರ್ಷ ಸೊಳ್ಳೆ ಸಾಕಿದವಳ ಕಣ್ಣಿಗೆ ಆ ಎರಡು ಕಪ್ಪು ಚೌಕಗಳು ಎಷ್ಟು ಚೆಂದ ಕಂಡವು ಎಂದರೆ, ಹೇಳಲಾಗದು.

ಮನೆಗೆ ಬರುವಾಗ ಸಂಜೆ. ಬೀಗತಿ ಕೂಸಿಗೆ ಸಂಜೆಯ ನೀರು ಹಾಕಲು ಎಣ್ಣೆ ಕಾಯಿಸುತ್ತಿದ್ದರು. ಚಪ್ಪಲಿ ಬಿಟ್ಟವಳೇ “ಆತ್ರಿ, ಮುಗೀತು. ಕೊಡ್ರಿ ಇಲ್ಲಿ ನನ್ನ ಬಂಗಾರಾನ” ಎಂದು ಕೈ ಚಾಚಿದೆ.

“ನಿಂದ್ರರಿ” ಎಂದರು ಬೀಗತಿ. ಕೂಸನ್ನು ಮಗಳ ತೊಡೆಯ ಮೇಲೆ ಮಲಗಿಸಿ ನನ್ನ ಮಣಿಕಟ್ಟು ಹಿಡಿದರು. “ಈ ಕೈಲೆ ಮುಟ್ಟತೀರೇನ್ರಿ ಕೂಸಿನ? ನೋಡ್ರಿ ಇಲ್ಲಿ, ಸೋಡಾದಾಗ ಸುಟ್ಟು ಒಣಗಿದ ಕಟಗಿ ಆಗ್ಯಾವು. ಮೈ ಗೀರತಾವು. ಕುಂದರ್ರಿ.”

ನಾನು ಕುಳಿತೆ. ಬೀಗತಿ ತಮ್ಮ ಸೀರೆಯ ನಿರಿಗೆ ಸರಿಸಿ, ನನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಎಳೆದುಕೊಂಡರು. ಬಟ್ಟಲಿನ ಬೆಚ್ಚನೆಯ ಔಡಲೆಣ್ಣೆಯನ್ನು ಅಂಗೈಗೆ ಸುರಿದು, ಒಂದೊಂದೇ ಬೆರಳು ಹಿಡಿದು, ಉಗುರಿನ ಬುಡದಿಂದ ಮಣಿಕಟ್ಟಿನ ತನಕ ತಿಕ್ಕತೊಡಗಿದರು. ಬಹಳ ಹೊತ್ತು ತಿಕ್ಕಿದರು. ನನ್ನ ಕೈಗೆ ಯಾರಾದರೂ ಎಣ್ಣೆ ಹಚ್ಚಿ ಎಷ್ಟು ವರ್ಷವಾಗಿತ್ತೋ.

ಕೊನೆಗೆ ತಮ್ಮ ಕೆನ್ನೆಗೆ ನನ್ನ ಅಂಗೈ ಒತ್ತಿ ನೋಡಿಕೊಂಡು, “ಹ್ಞಾಂ, ಈಗ ತಗೋರಿ” ಎಂದರು.

ತೆಗೆದುಕೊಂಡೆ. ಕೂಸು ಮುಖ ನೋಡಿತು, ಹುಬ್ಬು ಗಂಟಿಕ್ಕಿತು, ಆಮೇಲೆ ನಕ್ಕಿತು.